ತಲಕಟ್ಟು ಮೀಮಾಂಸೆ: ಸಿಂಧನೂರಿನ ಆರ್.ಎಚ್. ಕ್ಯಾಂಪನ್ನು ವಿಶೇಷವಾಗಿ ಉದ್ದೇಶಿಸಿ

ಪಡುವಣದವರು ತಮ್ಮ ರೋಮನ್ ಅಕ್ಷರದ ಕಾಲಿಗೆ ಗೆಜ್ಜೆಯಂತೆ ಕಟ್ಟಿದ ಸೆರಿಫಿನ ಮೇಲೆ ಕಪಾಟುಗಟ್ಟಲೆ ಗ್ರಂಥ ಬರೆದರು. ನಾವು ಅಕ್ಷರದ ತಲೆಗೇ ತಲಕಟ್ಟು ಕಟ್ಟಿಕೊಂಡೂ ಸುಮ್ಮನೆ ಕೂತೆವು. ಈ ಅನ್ಯಾಯವನ್ನು ಸರಿಪಡಿಸುವುದೇ ಪ್ರಕೃತ ಪ್ರಬಂಧದ ಘನ ಉದ್ದೇಶ.

ತಲಕಟ್ಟು ಬರೀ ಸಿಂಗಾರ ಎಂಬುದು ಪೂರ್ವಪಕ್ಷ. ಇದು ಸಲ್ಲದು. ಸೆರಿಫ್ ಬೋಳಿಸಿದರೂ ರೋಮನ್ ಅಕ್ಷರದ ಉಚ್ಚಾರ ಕೆಡುವುದಿಲ್ಲ. 'ಕ'ದ ಅಕಾರವಾದರೋ ತಲಕಟ್ಟಿನಲ್ಲೇ ವಾಸ. ಗುಡಿಸು ಬಂದೊಡನೆ ಅದು ಜಾಗ ಖಾಲಿ ಮಾಡುತ್ತದೆ, 'ಕಿ' ಹುಟ್ಟುತ್ತದೆ. ಲೇಖನಿ ಓರೆಯಾಗಿ ಹಿಡಿದು ಎಳೆದ ಆ ದಪ್ಪ-ಸಣ್ಣ ಗೀಟಿಗೆ ಇಂಥ ಅಧಿಕಾರವಿದೆ.

ಕ್ಷೇತ್ರಕಾರ್ಯಕ್ಕೆ ಸಿಂಧನೂರೇ ಏಕೆ? ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಪುನರ್ವಸತಿ ಕ್ಯಾಂಪುಗಳು, ಅಂದರೆ ಆರ್.ಎಚ್. ಕ್ಯಾಂಪುಗಳು, ಇಲ್ಲಿವೆ. ಇವರ ಲಿಪಿಯಲ್ಲಿ ಪದದ ನೆತ್ತಿಯುದ್ದಕ್ಕೂ ಒಂದೇ ಗೀಟು; ಅದಕ್ಕೆ ಮಾತ್ರಾ ಎಂದು ಹೆಸರು. ಅಲ್ಲೂ ಅದು ಆಟದ ಸಾಮಾನಲ್ಲ: ಅವರ 'ಎ'ಗೆ ಗೀಟಿಲ್ಲ, ಅದೇ ಆಕಾರದ ಮೇಲೆ ಗೀಟೆಳೆದರೆ ಹೆಚ್ಚುಕಡಿಮೆ 'ತ್ರ' ಆಗಿಬಿಡುತ್ತದೆ. ಹೀಗೆ ನೆತ್ತಿಯ ಬೆಲೆ ಬಲ್ಲ ಜನಕ್ಕೆ ನಾವು ಕೊಟ್ಟ 'ಆರ್.ಎಚ್. ಕ್ಯಾಂಪ್' ಎಂಬ ಊರಿನ ಹೆಸರನ್ನು ಬೋರ್ಡಿನಲ್ಲಿ ಪರಿಶೀಲಿಸೋಣ. 'ಆ', 'ಎ' ಸ್ವರಗಳು, ತಲಕಟ್ಟಿಗೆ ಹಕ್ಕುದಾರರಲ್ಲ. 'ರ್', 'ಚ್', 'ಪ್' ಅರೆಯಕ್ಷರಗಳು, ಹಕ್ಕು ಕಳೆದುಕೊಂಡವು. 'ಕ್ಯಾಂ'ನಲ್ಲಿ ತಲಕಟ್ಟಿನ ಜಾಗಕ್ಕೆ ಇಳಿ ಬಂದು ಕೂತಿದೆ. ಇಡೀ ಹೆಸರಿಗೆ ಒಂದೇ ಒಂದು ತಲಕಟ್ಟಿಲ್ಲ!

ಇದು ಋಣದ ಪ್ರಶ್ನೆಯೂ ಹೌದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಲದ ಶ್ರೀರಾಮಪುರದಲ್ಲಿ. ನಮ್ಮ ಅಚ್ಚುಮೊಳೆಗಳಿಗೆ ಅಲ್ಲಿ ತಲಕಟ್ಟು ಸಿಕ್ಕಿತು. ಒಂದೂವರೆ ಶತಮಾನದ ಮೇಲೆ ಬಂದ ಬಂಗಾಲಿಗಳಿಗೆ ಇಲ್ಲಿ ಸಿಗಲಿಲ್ಲ. (ಶ್ರೀರಾಮಪುರ ಪಶ್ಚಿಮದ್ದು, ಇವರು ಪೂರ್ವದವರು ಎಂಬ ತಕರಾರನ್ನು ಪ್ರಬಂಧಕಾರ ಓದಿಲ್ಲ.)

ತಲಕಟ್ಟಿನ ಆರ್ಥಿಕ ಪರಿಣಾಮಗಳೂ ಗಂಭೀರ. 'ಭತ್ತ'ಕ್ಕೆ ಎರಡು ತಲಕಟ್ಟು. 'ಜಲ'ಕ್ಕೆ ಒಂದೂ ಇಲ್ಲ. ಈ ಸೀಮೆಯ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ವರ್ಷವರ್ಷ ರಸ್ತೆಗಿಳಿಯುವುದಕ್ಕೆ ನೀರಾವರಿ ತಜ್ಞರು ಬೇರೆ ಕಾರಣ ಕೊಡುತ್ತಾರೆ. ಕೊಡಲಿ.

ಉಪಯೋಗಗಳಲ್ಲಿ ಲಗ್ನಪತ್ರಿಕೆ ಮೊದಲನೆಯದು: ಕೊನೆಗೆ ಬಾಲ ಬಿಟ್ಟ ತಲಕಟ್ಟಿಲ್ಲದಿದ್ದರೆ ಬೀಗರು ಪತ್ರಿಕೆಯನ್ನು ಕರಪತ್ರವೆಂದು ತಿಳಿದಾರು. ಗೊಬ್ಬರದ ಅಂಗಡಿಗೆ ಬೋಳು ಅಕ್ಷರ ಸಾಕು. ಸರ್ಕಾರಿ ಪತ್ರಕ್ಕೆ ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರ. ಆ ಪತ್ರವನ್ನು ನುಡಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಯುರೋಪಿನ ಚುಕ್ಕಿ-ಕೊಂಬಿನ ಅಕ್ಷರಗಳು ಮೂಡುತ್ತವೆ, ಮತ್ತು ಆದೇಶ ಎಂದಿನಷ್ಟೇ ಅರ್ಥವಾಗುತ್ತದೆ.

ಕ್ಯಾಂಪಿನ ಬೋರ್ಡಿಗೆ ಪರಿಹಾರ ಸರಳ. ಈ ಸೀಮೆಯ ನಾಲಗೆ ಹೇಗೂ ವ್ಯಂಜನದಲ್ಲಿ ನಿಲ್ಲಲೊಲ್ಲದು. 'ಆರ ಎಚ ಕ್ಯಾಂಪ' ಎಂದು ಬರೆಸಿದರೆ ಒಂದೇ ಏಟಿಗೆ ಮೂರು ತಲಕಟ್ಟು. ಈ ಸಿದ್ಧಾಂತವನ್ನು ಫ್ಲೆಕ್ಸ್ ಅಂಗಡಿಯಲ್ಲಿ ಸಪ್ರಮಾಣವಾಗಿ ಮಂಡಿಸಲಾಯಿತು. ಹುಡುಗ ಮೌಸ್ ಬಿಡದೆ ಕೇಳಿಸಿಕೊಂಡ. "ಸರ, ನಮ್ದು ಚದರಡಿ ಲೆಕ್ಕ ರೀ. ತಲಿ ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ. ಫೋಟೋ ಯಾರ್ದು ಹಾಕ್ಲಿ ಹೇಳ್ರಿ."