ಬಶಿಯೊಳಗಿನ ಬಜೆಟ್

ಎಂ.ಕೆ. ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಕೂತರೆ ಹಣಕಾಸು ಮಂತ್ರಿಗಳಿಗೆ ಬಿಕ್ಕಳಿಕೆ ತಪ್ಪಿದ್ದಲ್ಲ. ಮೊನ್ನೆ ಕಾಕಾ ಚಹಾ ಬಶಿಗೆ ಸುರಿದು, ಊದುತ್ತ, ಕಬ್ಬಿನ ದರ ತೆಗೆದರು. 2025–26ಕ್ಕೆ ಕೇಂದ್ರ ಕಟ್ಟಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ; ಅದೂ ಸಕ್ಕರೆ ಇಳುವರಿ ಶೇ. 10.25 ಬಂದರೆ.

"ಕಬ್ಬು ನಂದು, ತೂಕ ಅವರ್ದು, ಇಳುವರಿ ಲೆಕ್ಕಾನೂ ಅವರ್ದ. ನನಗೇನ ಉಳೀತೋ ತಮ್ಮಾ?"

"ರವದಿ ಉಳೀತಲ್ರೀ ಕಾಕಾ" ಅಂದೆ.

ಅಷ್ಟರಲ್ಲಿ ಕಾಕು ಬಂದರು, ಎಲ್ಲಮ್ಮನ ಗುಡ್ಡಕ್ಕೆ ಹೊರಟವರು, ಕೈಯಲ್ಲಿ ಆಧಾರ್ ಕಾರ್ಡು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಾಕಾಗೆ ಮಾತ್ರ ಟಿಕೀಟು. ಆ ಹೊಟ್ಟೆಯುರಿ ಸಣ್ಣದಲ್ಲ.

"ಈ ಪುಕ್ಕಟೆ ಯೋಜನೆಯಿಂದ ರಾಜ್ಯ ದಿವಾಳಿ ಆಗತೈತಿ!" ಎಂದು ಗುಡುಗಿದ ಕಾಕಾ, ಕಾಕು ಕಡೆ ತಿರುಗಿ ದನಿ ಇಳಿಸಿದರು: "ಗೃಹಲಕ್ಷ್ಮಿ ರೊಕ್ಕ ಬಂತೇನ? ಈ ಚಹಾದ್ದೊಂದೀಟು ಕೊಟ್ಟಬಿಡು."