ಮಾನ್ಯ ನಿಗದಿತ ನಮೂನೆಯವರೇ

ಇವರಿಗೆ,
ಶ್ರೀಮಾನ್ ನಿಗದಿತ ನಮೂನೆಯವರು,
ಸಕಲ ಸುತ್ತೋಲೆಗಳ ಕೊನೆಯ ಪುಟ.

ವಿಷಯ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹಣದ ಮಾಹಿತಿ ಒದಗಿಸುವ ಕುರಿತು.
ಉಲ್ಲೇಖ: ವಾಟ್ಸಾಪ್ ಗುಂಪಿಗೆ ಬಂದ "ಅತಿ ಜರೂರು" ಸಂದೇಶ ಹಾಗೂ ಅದರ ಬೆನ್ನಿಗೇ ಬಂದ "ನಿಮ್ಮ ಶಾಲೆಯದು ಮಾತ್ರ ಬಾಕಿ" ಸಂದೇಶ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕೇಳಿದ್ದನ್ನೆಲ್ಲ ಕೊಟ್ಟಿದ್ದೇನೆ. ಕ್ಲಸ್ಟರಿಗೆ ಕೊಟ್ಟದ್ದನ್ನೇ ಬ್ಲಾಕಿಗೆ, ಬ್ಲಾಕಿಗೆ ಕೊಟ್ಟದ್ದನ್ನೇ ಗೂಗಲ್ ಶೀಟಿಗೆ, ಗೂಗಲ್ ಶೀಟಿಗೆ ತುಂಬಿದ್ದನ್ನೇ ಪ್ರಿಂಟ್ ತೆಗೆಸಿ ಸಹಿ, ಮೊಹರು ಹಾಕಿ ಖುದ್ದಾಗಿ ಮುಟ್ಟಿಸಿದ್ದೇನೆ. ಮಾಹಿತಿ ಇಲ್ಲದಿದ್ದರೆ "ಶೂನ್ಯ" ಎಂದು ನಮೂದಿಸಿ ದೃಢೀಕರಿಸಬೇಕು ಎಂದಿರಿ. ಇಲ್ಲದ್ದನ್ನೂ ದೃಢೀಕರಿಸಿಕೊಟ್ಟೆ.

ತಮ್ಮ ಮನೆತನದ ಬಗ್ಗೆ ನನಗೆ ಗೌರವವಿದೆ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಕಾಲದಲ್ಲಿ, ತೊಂಬತ್ತರ ದಶಕದ ನಡುವೆ, ಶಾಲೆಗಳ ಮಾಹಿತಿ ಕಲೆಹಾಕಲು ಡೈಸ್ ಎಂಬ ಹೆಸರಿನಲ್ಲಿ ಹುಟ್ಟಿದಿರಿ. 2012-13ರಲ್ಲಿ ಪ್ರೌಢಶಾಲೆಗಳನ್ನೂ ಮಡಿಲಿಗೆ ಹಾಕಿಕೊಂಡು ಯೂಡೈಸ್ ಆದಿರಿ. 2018-19ರಲ್ಲಿ ಹೆಸರಿನ ಕೊನೆಗೆ ಪ್ಲಸ್ ಅಂಟಿಸಿಕೊಂಡಿರಿ. ಮಕ್ಕಳ ಒಟ್ಟು ಸಂಖ್ಯೆ ಕೊಟ್ಟರೆ ಸಾಕೆನ್ನುತ್ತಿದ್ದವರು 2022-23ರಿಂದ ಒಂದೊಂದು ಮಗುವಿನ ಜಾತಕವನ್ನೂ ಕೇಳುತ್ತಿದ್ದೀರಿ. ಶಾಲೆಗೆ 29ರಿಂದ ಶುರುವಾಗುವ 11 ಅಂಕಿಯ ಸಂಖ್ಯೆ ಕೊಟ್ಟಿದ್ದೀರಿ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ನನ್ನ ಹೆಸರಿಗಿಂತ ಮೊದಲು ಅದೇ ಬಾಯಿಗೆ ಬರುತ್ತದೆ. ಲೆಕ್ಕ ಬೇಡ ಎನ್ನುವ ಜಾಯಮಾನ ನನ್ನದಲ್ಲ. ಎಷ್ಟು ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ ಎಂಬುದು ದೇಶಕ್ಕೆ ಗೊತ್ತಾದದ್ದು ತಮ್ಮಿಂದಲೇ.

ಈಗ ದುಡ್ಡಿನ ಮಾತಿಗೆ ಬರೋಣ. ಮೂವತ್ತರೊಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದ ಪ್ರಕಾರ ವರ್ಷಕ್ಕೆ 10,000 ರೂಪಾಯಿ ಶಾಲಾನುದಾನ. ಅದರಲ್ಲಿ ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. ಅಂದರೆ ಒಂದು ಸಾವಿರದಲ್ಲಿ ಫಿನಾಯಿಲ್, ಸೋಪು, ಪೊರಕೆ. ಫಿನಾಯಿಲಿಗೆ ಬಿಲ್ ಸಿಕ್ಕಿತು. ಪೊರಕೆ ಕೊಂಡದ್ದು ಸಂತೆಯಲ್ಲಿ. ಮಾರುವ ಅಜ್ಜಿಯ ಹತ್ತಿರ ಜಿಎಸ್‌ಟಿ ಸಂಖ್ಯೆ ಕೇಳಿದೆ. "ಅದೆಲ್ಲ ನಮ್ ಕಡೆ ಬೆಳೆಯಕಿಲ್ಲ ಮೇಷ್ಟ್ರೇ" ಅಂದಳು. ಕೊನೆಗೆ ವೋಚರಿನ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸಿ, ಪೊರಕೆಯನ್ನು ಶಾಲೆಯ ಬೋರ್ಡಿಗೆ ಒರಗಿಸಿ ಜಿಪಿಎಸ್ ಫೋಟೊ ತೆಗೆದೆ. ಅಕ್ಷಾಂಶ, ರೇಖಾಂಶ ಎರಡೂ ಇರುವ ಪೊರಕೆ ಹೋಬಳಿಯಲ್ಲಿ ಬೇರೆ ಯಾರ ಮನೆಯಲ್ಲೂ ಇರಲಾರದು.

ಬಿಸಿಯೂಟದ ಮೊಟ್ಟೆಯದು ಇನ್ನೂ ಸೂಕ್ಷ್ಮ. ಒಂದು ಮೊಟ್ಟೆಗೆ 6 ರೂಪಾಯಿ ಎಂದು ದರ ಕಟ್ಟಿದಾಗ ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯುವ ಕೂಲಿಗೆ 30 ಪೈಸೆ ಎಂದು ಒಳಗೇ ವಿಂಗಡಿಸಿಟ್ಟಿದ್ದರು. ಪೈಸೆಯ ಚಲಾವಣೆ ಅಂಗಡಿಗಳಲ್ಲಿ ನಿಂತು ಯಾವ ಕಾಲವಾಯಿತೋ, ನಮ್ಮ ಬಿಸಿಯೂಟದ ಕೋಣೆಯಲ್ಲಿ ಇನ್ನೂ ಜೀವಂತವಾಗಿದೆ. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಗೈರುಹಾಜರಾದವರೆಷ್ಟು, ಎಲ್ಲಕ್ಕೂ ಕಾಲಂ ಇದೆ.

ಹೀಗೆ ಪೈಸೆಗೆ ಪೈಸೆ ತಾಳೆ ಹಾಕಿ ಕೂತಿದ್ದಾಗ ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಬಂದರು. ಶಾಲೆಯ ಜಂಟಿ ಖಾತೆಗೆ ನನ್ನ ಜೊತೆ ಸಹಿ ಹಾಕುವವರು. "ಅಲ್ಲ ಮೇಷ್ಟ್ರೇ, ವರ್ಸಕ್ಕೆ ನಮ್ ಸ್ಕೂಲಿಗೆ ಅಂತ ಸರ್ಕಾರ ಒಟ್ಟು ಎಷ್ಟು ಖರ್ಚು ಮಾಡ್ತದೆ?" ಎಂದು ಕೇಳಿದರು. ಫಿನಾಯಿಲಿನ ರೇಟು ಹೇಳಬಲ್ಲೆ, ಇದನ್ನು ಎಲ್ಲಿಂದ ಹೇಳಲಿ?

ನಮ್ಮಿಬ್ಬರು ಶಿಕ್ಷಕರ ಸಂಬಳದ ಬಿಲ್ಲು ಬಿಇಒ ಕಚೇರಿಯಲ್ಲಿ. ಪುಸ್ತಕದ ಲೆಕ್ಕ ಪಠ್ಯಪುಸ್ತಕ ಸಂಘದಲ್ಲಿ. ಹಾಲಿನ ಪುಡಿಯದು ಹಾಲು ಮಹಾಮಂಡಳದಲ್ಲಿ. ಅಕ್ಕಿಯದು ಉಗ್ರಾಣದಲ್ಲಿ. ಸೋರುವ ಕೊಠಡಿಯ ಅಂದಾಜುಪಟ್ಟಿ ಪಂಚಾಯತ್ ರಾಜ್ ಎಂಜಿನಿಯರರ ಬೀರುವಿನಲ್ಲಿ. ಶಾಲೆಗೆ ಬಂದ ಅನುದಾನ, ಆದ ಖರ್ಚು ಎಂದು ತಮ್ಮಲ್ಲೂ ಒಂದು ಭಾಗವಿದೆ. ಆದರೆ ಅದಕ್ಕೆ ಕಾಣುವುದು ಶಾಲೆಯ ಖಾತೆಯನ್ನು ಹಾದುಹೋದ ಚಿಲ್ಲರೆ ಮಾತ್ರ. 2025-26ರ ರಾಜ್ಯ ಬಜೆಟ್ಟಿನಲ್ಲಿ ಶಿಕ್ಷಣಕ್ಕೆ 45,286 ಕೋಟಿ ರೂಪಾಯಿ ಎಂದು ಪೇಪರಿನಲ್ಲಿ ಓದಿದ್ದೇನೆ. ಆ ತುದಿಯಲ್ಲಿ 45,286 ಕೋಟಿ, ಈ ತುದಿಯಲ್ಲಿ 30 ಪೈಸೆ. ನಡುವಿನದು ಯಾವ ಕಾಲಮ್ಮಿನಲ್ಲಿದೆ ಸ್ವಾಮಿ?

ಈ ನಡುವಿನದು ಗೊತ್ತಿಲ್ಲದ ಕಾರಣಕ್ಕೇ ಯಾರು ಏನು ಹೇಳಿದರೂ ನಡೆಯುತ್ತದೆ. "ಸರ್ಕಾರಿ ಶಾಲೆಗೆ ಸುರಿದದ್ದೆಲ್ಲ ದಂಡ" ಎನ್ನುವವರಿಗೂ ಅಂಕಿ ಬೇಡ. ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಕೊಡಿ ಎಂಬ ಕೊಠಾರಿ ಆಯೋಗದ ಮಾತನ್ನು 1966ರಿಂದ 2020ರ ಶಿಕ್ಷಣ ನೀತಿಯವರೆಗೆ ನಕಲು ಮಾಡುತ್ತ ಬಂದು ಆ ಗುರಿ ಮುಟ್ಟದೇ ಉಳಿದವರಿಗೂ ಬೇಡ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಆದೇಶ ಬಂತಲ್ಲ, ಗಲಾಟೆಯಾಗಿ ಕೆಲವೇ ದಿನಗಳಲ್ಲಿ ವಾಪಸಾಯಿತು. ಶಾಲೆಗೆ ಎಷ್ಟು ಬೇಕು, ಎಷ್ಟು ಬರುತ್ತಿದೆ, ಎಷ್ಟು ಕಡಿಮೆ ಬಿದ್ದಿದೆ ಎಂದು ಊರಿನವರ ಮುಂದಿಟ್ಟು ಆಮೇಲೆ ಕೇಳಿದ್ದರೆ ಮಾತೇ ಬೇರೆಯಿರುತ್ತಿತ್ತು. ಅವರಲ್ಲಿ ಕೂಲಿಗೆ ಹೋಗುವವರೂ ಮನೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾರೆ.

ಪ್ರಸಂಗವಶಾತ್ ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮಿನಂತೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚುವಂತಿಲ್ಲ. ತಮ್ಮನ್ನು ತುಂಬುವುದು ಶಿಕ್ಷಣೇತರ ಅಲ್ಲವೇ ಅಲ್ಲ. ಪುಟಕ್ಕೆ ಹತ್ತು ಸಲ "ಶಿಕ್ಷಣ" ಎಂಬ ಪದವಿದೆ. ಆದರೆ ತಮ್ಮನ್ನು ತುಂಬಲು ಬೇಕಾದ ಒಟಿಪಿ ನಮ್ಮಲ್ಲಿ ಬರುವುದು ನೆಟ್‌ವರ್ಕ್ ಸಿಗುವ ಬೇವಿನ ಮರದ ಬುಡದಲ್ಲಿ ಮಾತ್ರ. ನಾನು ಅಲ್ಲಿಗೆ ಹೊರಟರೆ ನಲಿ-ಕಲಿ ಮಕ್ಕಳು ಕಾರ್ಡುಗಳನ್ನು ತಾವೇ ಎತ್ತಿಡುತ್ತಾರೆ. ಮೂರನೇ ತರಗತಿಯವಳೊಬ್ಬಳು ಕಿಟಕಿಯಿಂದಲೇ "ಬಂತಾ ಸಾರ್?" ಎಂದು ವಿಚಾರಿಸುತ್ತಾಳೆ.

ಅಧ್ಯಕ್ಷರು ಸುಮ್ಮನೆ ಕೂರುವವರಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಕಚೇರಿಗಳು ಕೇಳದೆಯೇ ಲೆಕ್ಕ ಪ್ರಕಟಿಸಬೇಕು ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಶಾಲೆಯ ಮುಂದಿನ ಗೋಡೆಗೆ ಸುಣ್ಣ ಬಳಿಸಿ, ಕಪ್ಪು ಬಣ್ಣದಲ್ಲಿ "ನಮ್ಮ ಶಾಲೆಗೆ ಈ ವರ್ಷ ಸರ್ಕಾರ ಮಾಡಿದ ಒಟ್ಟು ಖರ್ಚು" ಎಂದು ಬರೆಸಿ, ಮುಂದೆ ಜಾಗ ಬಿಡಿಸಿದ್ದಾರೆ. ಅಂಕಿ ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ಏಳೆಂಟು ಸೊನ್ನೆಗಾಗುವಷ್ಟು ಬಿಟ್ಟಿದ್ದಾರೆ. ಸುಣ್ಣ, ಬಣ್ಣ, ಬ್ರಷ್ ಸೇರಿ 240 ರೂಪಾಯಿ ಆಗಿದೆ. ವೋಚರ್ ಇದೆ, ಜಿಪಿಎಸ್ ಫೋಟೊ ಇದೆ. ಯಾವ ಶೀರ್ಷಿಕೆಯಡಿ ತೋರಿಸಬೇಕೆಂದು ಮಾತ್ರ ತಿಳಿಯುತ್ತಿಲ್ಲ. ಸ್ವಚ್ಛತೆಗೆ ಹಾಕಬಹುದೇ?

ಇಂತಿ ತಮ್ಮ ವಿಧೇಯ,
(ಸಹಿ ಮತ್ತು ಮೊಹರು)
ಮುಖ್ಯ ಶಿಕ್ಷಕ