ಅಮೂಲ್ಯ ಗ್ರಾಹಕನ ಕಾಗದ

ನಮ್ಮ ಮನೆಗೆ ಇಂಟರ್ನೆಟ್ ಕೊಡುವ, ಅಂದರೆ ಕೊಡಬೇಕಾದ, ಕಂಪನಿಯ ದೊಡ್ಡ ಸಾಹೇಬರಿಗೆ,

ನಾಗಪುರದ ಧರಂಪೇಠದಿಂದ, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಹುಬ್ಬಳ್ಳಿ ಕಡೆಯ ಒಬ್ಬ ಗ್ರಾಹಕ ಮಾಡುವ ನಮಸ್ಕಾರಗಳು. ಬರೀ ಗ್ರಾಹಕ ಎಂದರೆ ತಪ್ಪಾದೀತು. ತಮ್ಮ ಎಸ್ಸೆಮ್ಮೆಸ್ಸಿನ ಪ್ರಕಾರ ನಾನು ‘ಅಮೂಲ್ಯ ಗ್ರಾಹಕ’. ಹನ್ನೊಂದು ದಿನದಿಂದ ಇಂಟರ್ನೆಟ್ ಇಲ್ಲ, ಎಸ್ಸೆಮ್ಮೆಸ್ಸು ಮಾತ್ರ ದಿನಕ್ಕೆ ಮೂರು. ಮೂರರಲ್ಲೂ ನಾನು ಅಮೂಲ್ಯ.

ಇವತ್ತು ಸೀತಾಬರ್ಡಿಯ ತಮ್ಮ ಕಚೇರಿಗೆ ಬಂದಿದ್ದೆ. ಮೇ ತಿಂಗಳ ನಾಗಪುರ ತಮಗೆ ಗೊತ್ತಿರಲಿಕ್ಕಿಲ್ಲ, ತಮ್ಮ ಕೋಣೆಗೆ ಏಸಿ ಇದ್ದೀತು. ತಲೆಗೆ ಬಿಳಿ ಪಂಚೆ ಸುತ್ತಿ, ಝಳ ತಾಗದಿರಲೆಂದು ಇಲ್ಲಿಯವರ ಹಾಗೆ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಬಂದೆ. ಟೋಕನ್ 47. ಎರಡು ತಾಸು ಗೋಡೆಯ ಟೀವಿಯಲ್ಲಿ ತಮ್ಮದೇ ಜಾಹೀರಾತು ನೋಡಿದೆ: ಒಬ್ಬ ಅಜ್ಜ, ಒಬ್ಬಳು ಮೊಮ್ಮಗಳು, ವಿಡಿಯೊ ಕಾಲ್, ಇಬ್ಬರ ನಗು. ಕೊನೆಗೆ ಕೌಂಟರಿನ ಹುಡುಗ ತಲೆ ಎತ್ತದೆ ಹೇಳಿದ: ‘ಅಂಕಲ್, ಆ್ಯಪ್ ಪೆ ಕಂಪ್ಲೇಂಟ್ ಡಾಲೋ.’ ಇಂಟರ್ನೆಟ್ ಇಲ್ಲವೆಂಬ ದೂರನ್ನು ಇಂಟರ್ನೆಟ್ಟಿನಲ್ಲೇ ಕೊಡಬೇಕು! ಫೋನಿಗೆ ಬೇರೆ ಕಂಪನಿಯ ಡೇಟಾ ಹಾಕಿಸಿ ತಮ್ಮ ಆ್ಯಪ್ ತೆರೆದರೆ ಮೊದಲು ಬಂದದ್ದು ಸಾಲದ ಜಾಹೀರಾತು. ಅದನ್ನು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು, ನನ್ನ ಬೆರಳು ಬದನೆಕಾಯಿಯಷ್ಟು. ಒತ್ತಿದೆ. ಸಾಲದ ಅರ್ಜಿಯೇ ತೆರೆಯಿತು.

ಅಮೂಲ್ಯ ಎಂದರೆ ಬೆಲೆ ಕಟ್ಟಲಾಗದ್ದು ಎಂದು ಶಾಲೆಯಲ್ಲಿ ಕಲಿತಿದ್ದೆ. ಬೆಲೆಯೇ ಇಲ್ಲದ್ದು ಎಂಬ ಅರ್ಥವೂ ಹೊರಡುತ್ತದೆಂದು ತಮ್ಮ ಬಾಗಿಲಲ್ಲಿ ತಿಳಿಯಿತು.

ಇಷ್ಟಾದರೂ ನಾನು ಕಾಗದ ಬರೆಯುತ್ತಿರಲಿಲ್ಲ. ಬರೆಸಿದ್ದು ಒಂದೇ ಸಂಗತಿ. ನಮ್ಮ ಮೋಡೆಮ್ಮಿನ ದೀಪ ಹಸಿರಾಗಿಯೇ ಉರಿಯುತ್ತದೆ. ಬ್ಯಾಂಕು ತೆರೆಯುವುದಿಲ್ಲ, ಹುಬ್ಬಳ್ಳಿಯ ಪೇಪರು ತೆರೆಯುವುದಿಲ್ಲ, ರೈಲು ಟಿಕೆಟ್ಟು ತೆರೆಯುವುದಿಲ್ಲ. ಯಾವುದನ್ನು ಒತ್ತಿದರೂ ಥಟ್ಟನೆ ಒಂದು ಪುಟ ಬರುತ್ತದೆ: ‘ಇನ್ನೂ ವೇಗದ ಪ್ಲಾನಿಗೆ ಇಂದೇ ಬದಲಾಗಿ!’ ಲೋಕದ ಒಂದು ಪುಟವೂ ಬಾರದ ತಂತಿಯಲ್ಲಿ ತಮ್ಮ ಜಾಹೀರಾತು ಹೇಗೆ ಬರುತ್ತದೆ ಸಾಹೇಬರೇ? ಅದು ಬರುವ ದಾರಿಯಲ್ಲೇ ನನ್ನ ಮೊಮ್ಮಗಳನ್ನೂ ಕಳಿಸಬಾರದೆ? ಎರಡು ಭಾನುವಾರ ಅವಳ ಮುಖ ನೋಡಿಲ್ಲ. ತಮ್ಮ ಟೀವಿಯ ಅಜ್ಜ ಮಾತ್ರ ನೋಡುತ್ತಿದ್ದಾನೆ.

ಈ ಕಲೆ ಹಳೆಯದೆಂದು ಬೆಂಗಳೂರಿನ ಮಗ ಹೇಳಿದ, ಮಾಮೂಲಿ ಫೋನಿನಲ್ಲಿ. 2003ರ ಸೆಪ್ಟೆಂಬರಿನಲ್ಲಿ ವೆರಿಸೈನ್ ಎಂಬ ಅಮೆರಿಕದ ಕಂಪನಿ, ಡಾಟ್ ಕಾಮ್ ವಿಳಾಸವನ್ನು ಯಾರು ತಪ್ಪಾಗಿ ಬರೆದರೂ ಅವರನ್ನು ತನ್ನ ಪುಟಕ್ಕೆ ಎಳೆದೊಯ್ಯತೊಡಗಿತ್ತಂತೆ. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಮೂರು ವಾರದೊಳಗೆ ನಿಲ್ಲಿಸಿತು. 2015ರಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು, ತಾವು ನೋಡುವ ಪುಟಗಳೊಳಗೆ ಏರ್‌ಟೆಲ್ ಜಾಲ ಬೇರೆ ಕೋಡ್ ತುರುಕುತ್ತಿದೆ ಎಂದು ಪತ್ತೆಹಚ್ಚಿ ಊರಿಗೆಲ್ಲ ತೋರಿಸಿದರು. ಡೇಟಾ ಖರ್ಚಿನ ಲೆಕ್ಕ ತೋರಿಸಲು ಅದು ಎಂದಿತು ಏರ್‌ಟೆಲ್. ಆ ಕೋಡ್ ಮಾಡಿದ ಇಸ್ರೇಲಿ ಕಂಪನಿಯ ವಕೀಲರ ನೋಟಿಸು ಮಾತ್ರ ಪತ್ತೆಹಚ್ಚಿದವರಿಗೆ ಬಂತು.

ತಮ್ಮ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ರಸ್ತೆ ಅಗೆದು ಕೇಬಲ್ ಹಾಕಿದವರು ತಾವು, ಅದರ ಮೇಲೆ ಜಾಹೀರಾತಿನ ಬೆಳೆ ಕೊಯ್ಯುವವರು ಗೂಗಲ್ಲು, ಫೇಸ್‌ಬುಕ್ಕು. ಒಂದು ಪುಟ ತೆರೆಯುವಷ್ಟರಲ್ಲಿ ಅದನ್ನು ನೋಡುವವನ ಕಣ್ಣು ಹರಾಜಾಗಿರುತ್ತದಂತೆ. ಅಮೂಲ್ಯನಿಗೂ ಬೆಲೆ ಕಟ್ಟುತ್ತಾರೆ, ನೋಡಿ! ಆ ಹರಾಜಿನಲ್ಲಿ ಪಾಲು ಬೇಕೆಂದು ತಮ್ಮಂಥದೇ ಫೋನ್ ಕಂಪನಿಯಾದ ಅಮೆರಿಕದ ವೆರೈಜನ್ ಕೂಡ ಆಸೆಪಟ್ಟಿತ್ತು. 2015ರಲ್ಲಿ ಸುಮಾರು 440 ಕೋಟಿ ಡಾಲರ್ ಸುರಿದು ಎಒಎಲ್ ಎಂಬ ಇಂಟರ್ನೆಟ್ ಕಂಪನಿಯನ್ನು ಕೊಂಡಿತು, 2017ರಲ್ಲಿ ಸುಮಾರು 450 ಕೋಟಿಗೆ ಯಾಹೂ. 2021ರಲ್ಲಿ ಎರಡನ್ನೂ ಸೇರಿಸಿ 500 ಕೋಟಿಗೆ ಮಾರಿತು. ಅದೇ ವರ್ಷ ಫೆಬ್ರುವರಿಯಲ್ಲಿ ನಮ್ಮ ಏರ್‌ಟೆಲ್ ತನ್ನ ಜಾಹೀರಾತಿನ ಅಂಗಡಿ ತೆರೆಯಿತು. ತಮ್ಮ ಮತ್ತು ಗೂಗಲ್ಲಿನ ಈ ಪೈಪೋಟಿಯಲ್ಲಿ ನನ್ನ ಗತಿ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಕೂಸಿಗೆ 68 ವರ್ಷ, ಸಕ್ಕರೆ ಕಾಯಿಲೆ.

ಒಂದು ತಪ್ಪೊಪ್ಪಿಗೆಯೂ ಇದೆ. ಫೋನಿನಲ್ಲಿ ತಮ್ಮ ದೂರು ವಿಭಾಗದ ನಂಬರ್ ಹುಡುಕಿದಾಗ ಮೊದಲು ಬಂದದ್ದು ತಮ್ಮ ಎದುರಾಳಿಯ ಜಾಹೀರಾತು, ಎರಡನೆಯದು ತಮ್ಮದು, ‘ಹೊಸ ಕನೆಕ್ಷನ್ ಪಡೆಯಿರಿ’ ಎಂದು. ಒತ್ತಿದಷ್ಟು ಸಲವೂ ಜಾಹೀರಾತು ಕೊಟ್ಟವನ ಜೇಬಿನಿಂದ ದುಡ್ಡು ಹೋಗುತ್ತದೆಂದು ಕೇಳಿದ್ದೆ. ತಮ್ಮದನ್ನು ಹದಿನೇಳು ಸಲ ಒತ್ತಿದೆ. ‘ಏನ್ರೀ ಅದು, ಜಪಾ ಮಾಡ್ಲಿಕತ್ತೀರೇನು?’ ಎಂದಳು ಹೆಂಡತಿ. ಒಬ್ಬನೇ ಹಾಗೆ ಒತ್ತಿದರೆ ಅದನ್ನು ಜರಡಿ ಹಿಡಿದು ಬಿಟ್ಟುಬಿಡುತ್ತಾರೆ ಅಪ್ಪಾ ಎಂದು ಮಗ ಆಮೇಲೆ ನಕ್ಕ. ನನ್ನ ಸೇಡಿಗೂ ಬೆಲೆ ಇಲ್ಲ. ಅದೂ ಅಮೂಲ್ಯ.

ಸಾಕು ಸಾಹೇಬರೇ. ತಿಂಗಳ ದುಡ್ಡು ಮುಂಗಡ ಎಣಿಸಿಕೊಂಡಿದ್ದೀರಿ. ಅದು ಲೈನಿಗೆ ಕೊಟ್ಟ ದುಡ್ಡು, ತಮ್ಮ ಜಾಹೀರಾತು ನೋಡಲು ಕೊಟ್ಟದ್ದಲ್ಲ. ಮೂವತ್ತೈದು ವರ್ಷ ರೈಲ್ವೆಯಲ್ಲಿದ್ದೆ. ಟಿಕೆಟ್ ಕೊಂಡವನಿಗೆ ರೈಲಿನ ಬದಲು ರೈಲಿನ ಚಿತ್ರ ತೋರಿಸಿದ್ದರೆ ಜನ ಸ್ಟೇಷನ್ನಿನ ಗಾಜು ಒಡೆಯುತ್ತಿದ್ದರು.

ಲೈನ್‌ಮನ್‌ನನ್ನು ಕಳಿಸಿ. ಸಂಜೆ ಐದರ ಮೇಲೆ ಬರಲಿ, ಬಿಸಿಲು ಸ್ವಲ್ಪ ತಗ್ಗಿರುತ್ತದೆ. ಕರೆಗಂಟೆ ಕೆಟ್ಟಿದೆ, ಬಾಗಿಲು ಬಡಿಯಬೇಕು. ಹೊಸ ಪ್ಲಾನಿನ ಕರಪತ್ರ ತರುವುದು ಬೇಡ.

ಇತಿ,
ಟೋಕನ್ 47